ಮಾವನವರ ಜೇಲು ನೋಡಲು ಹೋದದ್ದು

ಮದುವೆಯಾದ ಆರನೆಯ ತಿಂಗಳಿಗೆ ನನ್ನವರು ನನ್ನನ್ನು ಎರಡು ದಿನದ ಮಟ್ಟಿಗೆ ಪಟ್ಟಣಕ್ಕೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಹುಟ್ಟಿದ್ದು ಮಂಗಳೂರಿನಲ್ಲಿ. ಹಾಗೆಂದ ಕೂಡಲೇ ಜನ ಸಮುದ್ರದ ಬಗ್ಗೆ ಕೇಳುತ್ತಾರೆ. ನಮ್ಮ ಮಂಗಳೂರು ಯಲಬುರ್ಗಾ ಸೀಮೆಯದು, ಅಲ್ಲಿ ಕೆರೆಯಲ್ಲಿ ನೀರಿದ್ದರೆ ಅದೇ ದೊಡ್ಡ ಮಾತು. ಅಲ್ಲಿಂದ ಕುಕನೂರಿಗೆ ಸೊಸೆಯಾಗಿ ಬಂದಿದ್ದ ನನಗೆ ಪಟ್ಟಣವೆಂದರೆ ಹುಬ್ಬಳ್ಳಿ. ಹುಬ್ಬಳ್ಳಿಯ ಅಂಗಡಿಗಳು, ಹುಬ್ಬಳ್ಳಿಯ ಸಿನೆಮಾ, ಸಂಜೆ ಹೊತ್ತಿಗೆ ಹತ್ತುವ ಸಾಲು ದೀಪ. ಒಂದು ವಾರ ಅದನ್ನೇ ನೆನೆಸಿಕೊಂಡು ರೊಟ್ಟಿ ಬಡಿದೆ.

"ಹುಬ್ಬಳ್ಳಿ ಭಾಳ ದೂರ ಆಗ್ತೈತಿ," ಎಂದರು ನನ್ನವರು ಒಂದು ದಿನ. "ಕೊಪ್ಪಳ ಏನ್ ಸಣ್ಣೂರೇನು? ರೈಲು ಐತಿ, ಟಾಕೀಜು ಐತಿ, ಕ್ವಾಟಿ ಐತಿ."

ಅವರು ಕುಕನೂರಿನಲ್ಲೇ ಸಾಲಿ ಮಾಸ್ತರರಾಗಿದ್ದರು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹಾಗಾಗಿ ಯಾವ ವಿಷಯದಲ್ಲೂ ಅವರು ಬಹಳ ದೂರ ಹೋಗುತ್ತಿರಲಿಲ್ಲ. ಹೋಗಲಿ, ಕೊಪ್ಪಳವಾದರೂ ಇಬ್ಬರೇ ಇರುತ್ತೇವಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಮಧ್ಯಾಹ್ನದ ಊಟದ ತನಕ ಇತ್ತು. ಊಟಕ್ಕೆ ಕೂತ ಮಾವನವರು ತಲೆಯೆತ್ತಿ ಕೇಳಿದರು:

"ಕೊಪ್ಪಳಕ್ಕ ಹೊಂಟೀರೇನು? ಹಂಗಾರ ನಾನೂ ಬರ್ತೀನಿ. ಸೊಸಿಗೆ ನನ್ನ ಜೇಲು ತೋರಸ್ತೀನಿ."

ಉಳಿದವರು ನನ್ನ ಹೊಲ, ನನ್ನ ಬಾವಿ ಎನ್ನುವ ಹಾಗೆ ನಮ್ಮ ಮಾವ "ನನ್ನ ಜೇಲು" ಎನ್ನುತ್ತಿದ್ದರು. ನಿಜಾಮನ ಆಡಳಿತದ ಕೊನೆಯ ದಿನಗಳಲ್ಲಿ ಸಂತೆಯಲ್ಲಿ ಧ್ವಜ ಹಿಡಿದು ಕೂಗಿದ್ದಕ್ಕೆ ಅವರನ್ನು ಹಿಡಿದುಕೊಂಡು ಹೋಗಿ ಕೊಪ್ಪಳದ ಜೇಲಿನಲ್ಲಿ ನಾಲ್ಕು ತಿಂಗಳು ಇಟ್ಟಿದ್ದರು. ಅದು ಊರಿಗೆಲ್ಲ ಗೊತ್ತಿದ್ದ ಮಾತು. ಪ್ರತಿ ಆಗಸ್ಟ್ ಹದಿನೈದಕ್ಕೆ ಸಾಲಿಯವರು ಅವರನ್ನು ಕರೆದು ಹಾರ ಹಾಕುತ್ತಿದ್ದರು, ಅವರು ಭಾಷಣ ಮಾಡುತ್ತಿದ್ದರು. ಜೇಲಿನ ಕಿಟಕಿಯಿಂದ ಕೋಟೆಯ ಗುಡ್ಡ ಕಾಣುತ್ತಿತ್ತು, ಅದನ್ನು ನೋಡುತ್ತ ಎದೆ ಗಟ್ಟಿಮಾಡಿಕೊಂಡೆ ಎಂಬ ಮಾತಿಗೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲಿ ತಟ್ಟಬೇಕೆಂದು ನನ್ನವರು ತಮ್ಮ ತರಗತಿಗೆ ಮೊದಲೇ ಹೇಳಿಕೊಟ್ಟಿರುತ್ತಿದ್ದರು.

ಮಾವನವರು ಹೊರಟ ಮೇಲೆ ಅತ್ತೆ ಉಳಿಯುವುದುಂಟೆ? "ಇವರಿಗೆ ಹೊತ್ತ ಹೊತ್ತಿಗೆ ಗುಳಿಗಿ ಕೊಡವರು ಯಾರು? ನಾನೂ ಬರ್ತೀನಿ," ಎಂದು ಅವರು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿದರು. ಹೀಗೆ ನಮ್ಮಿಬ್ಬರ ಪ್ರವಾಸ ನಾಲ್ವರದಾಯಿತು. ದಸರಾ ರಜೆಯಲ್ಲಿ ಒಂದು ಮುಂಜಾನೆ ಹೊರಟೆವು. ಬಸ್ಸಿನಲ್ಲಿ ಅತ್ತೆ ಮತ್ತು ನಾನು ಒಂದು ಸೀಟಿನಲ್ಲಿ, ತಂದೆ ಮಗ ಇನ್ನೊಂದರಲ್ಲಿ.

ಕೊಪ್ಪಳದ ಸ್ಟೇಷನ್ನಿನ ಹತ್ತಿರ ಒಂದು ಲಾಡ್ಜಿನಲ್ಲಿ ಒಂದೇ ಕೋಣೆ ಸಿಕ್ಕಿತು. ಮ್ಯಾನೇಜರು ದೊಡ್ಡ ಪುಸ್ತಕ ತೆರೆದು ಹೆಸರು, ಊರು ಬರೆದುಕೊಂಡು ಕೇಳಿದ:

"ಬಂದ ಕಾರಣ ಏನಂತ ಬರೀಲ್ರಿ?"

ನನ್ನವರು ಬಾಯಿ ತೆರೆಯುವುದರೊಳಗೆ ಮಾವನವರು ಹೇಳಿದರು, "ಜೇಲು ನೋಡಾಕ ಅಂತ ಬರಿ."

ಮ್ಯಾನೇಜರು ಬರೆಯುವುದನ್ನು ನಿಲ್ಲಿಸಿ ದನಿ ತಗ್ಗಿಸಿದ. "ಯಾರು ಅದಾರ್ರಿ ಒಳಗ?"

"ಈಗ ಯಾರಿಲ್ಲಪಾ. ನಾನ ಇದ್ದೆ."

ಅವನು ಮಾವನವರನ್ನು ಮೇಲಿಂದ ಕೆಳಗೆ ನೋಡಿದ. ಬಿಳಿ ಟೊಪ್ಪಿಗೆ, ಬಿಳಿ ಧೋತರ, ಕೈಯಲ್ಲಿ ಬೆತ್ತ. ಆಮೇಲೆ ನನ್ನವರನ್ನು ಒತ್ತಟ್ಟಿಗೆ ಕರೆದು, "ಬಿಟ್ಟ ಎಷ್ಟ ದಿನ ಆತ್ರಿ?" ಎಂದು ಕೇಳಿದ. ಮೂವತ್ತು ವರ್ಷವಾಯಿತು ಎಂದು ಹೇಳಿದ ಮೇಲೆ ಬೀಗದ ಕೈ ಕೊಟ್ಟ. ಆದರೂ ನಾವಿದ್ದ ಎರಡೂ ದಿನ ಅವನು ನಮ್ಮ ಕೋಣೆಯ ಕಡೆ ಒಂದು ಕಣ್ಣಿಟ್ಟೇ ಇದ್ದ.

ಮೊದಲ ದಿನ ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಪೇಟೆ ತಿರುಗುವುದರಲ್ಲಿ ಮುಗಿಯಿತು. ಮರುದಿನ ಹತ್ತು ಗಂಟೆಗೆ ಜೇಲಿನತ್ತ ಹೊರಟೆವು. ಕೋಟೆಗೆ ಹೋಗುವ ದಾರಿಯಲ್ಲಿ, ಜಾಗೀರಿನ ಕಾಲದಲ್ಲಿ ಕಟ್ಟಿದ ಕಲ್ಲಿನ ಕಟ್ಟಡ ಅದು. ಎತ್ತರದ ಗೋಡೆ, ಕಬ್ಬಿಣದ ಗೇಟು. ಅಲ್ಲಿ ಕೈದಿಗಳನ್ನು ಇಡುವುದು ನಿಂತು ಎಷ್ಟೋ ವರ್ಷವಾಗಿತ್ತು. ಈಗ ಒಂದು ಸರಕಾರಿ ಕಚೇರಿಯವರು ಅದನ್ನು ಉಗ್ರಾಣ ಮಾಡಿಕೊಂಡಿದ್ದರು. ಕಚೇರಿ ಪಕ್ಕದಲ್ಲೇ ಇತ್ತು. ಅಲ್ಲಿ ಒಬ್ಬ ಗುಮಾಸ್ತ ಕಡತಗಳ ನಡುವೆ ಕೂತಿದ್ದ.

ಮಾವನವರು ತಮ್ಮ ಪರಿಚಯ ಹೇಳಿದರು. ಸಾಲಿಯಲ್ಲಿ ಆ ಪರಿಚಯಕ್ಕೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಗುಮಾಸ್ತ ತಲೆ ಕೂಡ ಎತ್ತಲಿಲ್ಲ.

"ಅರ್ಜಿ ಕೊಡ್ರಿ. ಸಾಹೇಬ್ರು ಮೀಟಿಂಗಿಗಂತ ರಾಯಚೂರಿಗೆ ಹೋಗ್ಯಾರ. ಬಂದ ಮ್ಯಾಲೆ ಆರ್ಡರ್ ಆಗಬೇಕು."

"ಎಂದ ಆಗ್ತೈತಿ?"

"ಸೋಮವಾರ ಬರ್ರಿ, ನೋಡೂಣು."

"ಅಲ್ಲಪಾ, ಅವತ್ತ ನನ್ನ ಒಳಗ ಹಾಕೂ ಮುಂದ ಯಾರೂ ಅರ್ಜಿ ಕೇಳಲಿಲ್ಲಲ್ಲ!"

"ಅದು ಆ ಸರಕಾರ ರೀ ಯಜಮಾನ್ರ. ಇದು ನಮ್ಮ ಸರಕಾರ, ರೂಲ್ಸ್ ಅದಾವ," ಎಂದ ಗುಮಾಸ್ತ. ಅವನ ಮುಖದಲ್ಲಿ ಕುಹಕವೇನೂ ಇರಲಿಲ್ಲ. ಪಾಪ, ನಿಜವಾಗಿಯೂ ಹಾಗೆಂದು ನಂಬಿದ್ದ. "ಅದೂ ಅಲ್ದ ಒಳಗ ಇಲೆಕ್ಷನ್ ಪೆಟ್ಟಿಗಿ ಇಟ್ಟೇವಿ. ಯಾರನ್ನೂ ಬಿಡಾಕ ಬರಂಗಿಲ್ಲ."

ಮಾವನವರು ಹೊರಗೆ ಬಂದು ಗೇಟಿನ ಮುಂದೆ ನಿಂತರು. ಮೂವತ್ತು ವರ್ಷ ತಮ್ಮದೆಂದು ಹೇಳಿಕೊಂಡು ಬಂದ ಜೇಲು ಅವರನ್ನು ಒಳಗೆ ಕರೆಯಲಿಲ್ಲ. ನನಗೆ ನಗು ಬಂತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ.

ಇದನ್ನೆಲ್ಲ ನೋಡುತ್ತ ಕಚೇರಿಯ ಜವಾನ ಬಾಗಿಲಲ್ಲಿ ನಿಂತಿದ್ದ. ಖಾಕಿ ಅಂಗಿ, ಗಡ್ಡಕ್ಕೆ ಮದರಂಗಿ ಹಚ್ಚಿಕೊಂಡ, ನಿವೃತ್ತಿ ಹತ್ತಿರ ಬಂದಿದ್ದ ಮುಸಲ್ಮಾನ. ಅವನು ನಮ್ಮ ಹಿಂದೆಯೇ ಬಂದು ಮಾವನವರಿಗೆ ಸಲಾಮು ಮಾಡಿದ.

"ನಮ್ಮ ಅಪ್ಪ ಇಲ್ಲೇ ವಾರ್ಡರ್ ಇದ್ದ ರೀ. ನಿಮಗ ಅವನ ಕೈಲೆ ಊಟ ಕೊಟ್ಟಿರಬೇಕು. ನಾ ಈ ಒಳಗಿನ ಕ್ವಾಣಿಯಾಗ ಇರಾಂವ. ನನ್ನ ಮನಿಗೆ ಬರಾಕ ಯಾರ ಅರ್ಜಿ ಬೇಕ್ರಿ? ಬರ್ರಿ, ಒಂದ ಹತ್ತ ಮಿನಿಟು ನೋಡಿ ಬಂದಬಿಡೂಣು."

ಗೇಟಿನ ಹೊರಗಡೆ ತೂಗುತ್ತಿದ್ದ ಬೀಗವನ್ನು ಹಾಗೇ ಬಿಟ್ಟು ನಮ್ಮನ್ನು ಒಳಗೆ ಕರೆದುಕೊಂಡು ಹೋದ.

ಒಳಗೆ ಒಂದು ಅಂಗಳ, ನಡುವೆ ಬೇವಿನ ಮರ, ಎದುರಿಗೆ ಸಾಲಾಗಿ ಆರು ಕೋಣೆಗಳು. ಮರದಡಿ ಜವಾನನ ಮೇಕೆ ಕಟ್ಟಿತ್ತು. ಹಗ್ಗದ ಮೇಲೆ ಅವನ ಲುಂಗಿ ಒಣಗುತ್ತಿತ್ತು. ಮಾವನವರು ಬೆತ್ತ ಊರಿಕೊಂಡು ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ, "ಆ ಮೂರನೇದ ನಂದು," ಎಂದರು.

ಜವಾನ ಮೂರನೆಯ ಕೋಣೆಯ ಬೀಗ ತೆಗೆದ. ನೆಲದಿಂದ ಎದೆಮಟ್ಟಕ್ಕೆ ತಗಡಿನ ಮತಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮಾವನವರು ಯಾವುದಕ್ಕಾಗಿ ಆ ಕೋಣೆಯಲ್ಲಿ ಕೂತಿದ್ದರೋ ಅದನ್ನೇ ತಂದು ಅಲ್ಲಿ ಕೂಡಿಹಾಕಿ ಬೀಗ ಜಡಿದಂತಿತ್ತು. ನನ್ನವರು ಕತ್ತು ಚಾಚಿ ಒಳಗೆಲ್ಲ ನೋಡಿದರು.

"ಅಪ್ಪಾ, ಕಿಟಕಿ ಎಲ್ಲೈತಿ?"

ಕಿಟಕಿ ಇರಲಿಲ್ಲ. ಮೂರನೆಯದಕ್ಕಷ್ಟೇ ಅಲ್ಲ, ಆರಕ್ಕೂ ಇರಲಿಲ್ಲ. ಮೇಲೆ ಚಾವಣಿಗೆ ಹತ್ತಿ ಒಂದು ಅಂಗೈ ಅಗಲದ ಬೆಳಕಿಂಡಿ, ಅಷ್ಟೇ. ಕೋಟೆಯ ಗುಡ್ಡವಿದ್ದದ್ದು ಹಿಂಬದಿಗೆ.

"ಮುಚ್ಚಿರಬೇಕು," ಎಂದರು ಮಾವನವರು. ನನ್ನವರು ಕಲ್ಲಿನ ಗೋಡೆ ಮುಟ್ಟಿ ನೋಡಿದರು. ಅತ್ತೆ ಬೇವಿನ ಕಟ್ಟೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದರು. ಅವರು ಜೇಲಿನ ಕಡೆ ನೋಡಲೇ ಇಲ್ಲ, ಮೇಕೆಗೆ ಬೇವಿನ ಎಲೆ ತಿನ್ನಿಸುತ್ತಿದ್ದರು.

ಹೊರಡಬೇಕೆಂದು ಗೇಟಿನ ಹತ್ತಿರ ಬಂದರೆ ಗೇಟು ತೆರೆಯಲಿಲ್ಲ. ಹೊರಗಿನಿಂದ ಬೀಗ ಬಿದ್ದಿತ್ತು. ಜವಾನ ಹಣೆ ಹಣೆ ಬಡಿದುಕೊಂಡ. ಗುಮಾಸ್ತನಿಗೆ ಹಸಿವಾದಾಗಲೇ ಊಟದ ಹೊತ್ತು ಆಗುತ್ತಿತ್ತಂತೆ. ಮನೆಗೆ ಹೋಗುವಾಗ ಬೀಗ ತೂಗುವುದನ್ನು ಕಂಡು, ಜವಾನ ಎಂದಿನಂತೆ ಗೇಟು ಹಾಗೇ ಬಿಟ್ಟು ಪೇಟೆಗೆ ಹೋಗಿದ್ದಾನೆಂದು ತಿಳಿದು ಹಾಕಿಕೊಂಡು ಹೋಗಿದ್ದ. ಜವಾನನ ಹತ್ತಿರ ಇದ್ದದ್ದು ಕೋಣೆಗಳ ಕೀಲಿ, ಗೇಟಿನದು ಹಗಲು ಹೊತ್ತು ಗುಮಾಸ್ತನ ಹತ್ತಿರ ಇರುತ್ತಿತ್ತು. ಕೂಗಿದೆವು. ದಾರಿಯಲ್ಲಿ ಹೋಗುವ ಒಬ್ಬಾತ ನಿಂತು, ಜೇಲಿನೊಳಗಿಂದ ಜನ ಕೂಗುವುದು ಸಹಜವೆಂಬಂತೆ ನೋಡಿ ಮುಂದೆ ಹೋದ.

"ಊಟ ಮಾಡಿ ಬರತಾನ್ರಿ. ಒಂದ ತಾಸು, ಭಾಳಾದ್ರ ಒಂದೂವರಿ ತಾಸು," ಎಂದ ಜವಾನ. ನನ್ನವರ ಮುಖ ಬಿಳಿಚಿತು. ಸರಕಾರಿ ಮಾಸ್ತರ, ಕಾಯಂ ಆಗದವನು, ಮತಪೆಟ್ಟಿಗೆಗಳ ಜೊತೆ ಸಿಕ್ಕಿಬಿದ್ದ ಎಂದರೆ ಏನಾಗಬಹುದೆಂದು ಅವರು ಯೋಚಿಸುತ್ತಿದ್ದದ್ದು ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಗೋಡೆಯಿಂದ ಗೋಡೆಗೆ ನಡೆದಾಡತೊಡಗಿದರು. ನಮ್ಮ ನಾಲ್ವರಲ್ಲಿ ನಿಜವಾದ ಕೈದಿಯ ಹಾಗೆ ಕಂಡದ್ದು ಅವರೊಬ್ಬರೇ.

ಅತ್ತೆ ರೊಟ್ಟಿ ಗಂಟು ಬಿಚ್ಚಿದರು. ಜವಾನನಿಗೂ ಕೊಟ್ಟರು. ಅವನು ಸುಮ್ಮನೆ ಉಣ್ಣಲಾರದೆ, ತನ್ನ ಕೋಣೆಯಿಂದ ಚಹಾ ಮಾಡಿ ತಂದ. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ದಫ್ತರವನ್ನೂ ತಂದ. ಜೇಲು ಮುಚ್ಚಿದಾಗ ಅವನ ಅಪ್ಪ ಒಂದಿಷ್ಟು ಪುಸ್ತಕಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದನಂತೆ.

"ನಿಮ್ಮ ಹೆಸರು ಇದರಾಗ ಇರಬೇಕ್ರಿ. ಹುಡುಕೂಣು, ಹೆಂಗೂ ಹೊತ್ತ ಹೋಗಬೇಕಲ್ಲ," ಎಂದ ಸಂಭ್ರಮದಿಂದ.

ಮಾವನವರು, "ಈಗ್ಯಾಕ ಬಿಡು," ಎಂದರು. ಆದರೆ ನನ್ನವರು ನಡೆದಾಟ ನಿಲ್ಲಿಸಿ ಬಂದು ಕೂತರು. ಪುಸ್ತಕವೆಲ್ಲ ಉರ್ದುವಿನಲ್ಲಿತ್ತು. ಜವಾನ ಬೆರಳಿಟ್ಟು ಹಾಳೆ ತಿರುವಿ ತಿರುವಿ ಕೊನೆಗೆ ಒಂದು ಕಡೆ ನಿಂತ.

"ಇಲ್ಲಿ ಐತ್ರಿ! ಕುಕನೂರು, ವಯಸ್ಸು ಇಪ್ಪತ್ತೆರಡು…" ಎಂದು ಓದುತ್ತ ಹೋದವನು ಸಾಲಿನ ತುದಿಗೆ ಬಂದು ತಡೆದ. ಮಾವನವರ ಮುಖ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ, "ನಾಕ ತಿಂಗಳು ಅಂತ ಐತ್ರಿ. ಬರೋಬರಿ ಐತಿ."

ನಾನು ಅವನ ಹೆಗಲ ಹಿಂದೆ ನಿಂತಿದ್ದೆ. ನನಗೆ ಉರ್ದು ಬರುವುದಿಲ್ಲ. ಆದರೆ ನಮ್ಮ ಅಜ್ಜ ಹಳೆಯ ಹೊಲದ ಕಾಗದ ಓದುವಾಗ ಅದರ ಅಂಕಿಗಳನ್ನು ಕಲಿಸಿದ್ದ. ಅವನ ಬೆರಳ ತುದಿಯಲ್ಲಿ ಅಕ್ಕಪಕ್ಕ ಎರಡು ಉದ್ದ ಗೀಟುಗಳಿದ್ದವು. ಅದು ಹನ್ನೊಂದು. ಯಾರು ಓದಿದರೂ ಹನ್ನೊಂದೇ. ನಾನು ಚಹಾದ ಲೋಟ ತೊಳೆಯುವ ನೆವದಲ್ಲಿ ಆಚೆ ಸರಿದೆ. ಒಬ್ಬ ಅಪರಿಚಿತ ಮನುಷ್ಯ ನನ್ನ ಮಾವನ ಮಾನ ಕಾಯಲು ಸುಳ್ಳು ಓದುತ್ತಿದ್ದಾಗ ಅದನ್ನು ಕೆಡಿಸಲು ನಾನ್ಯಾರು?

ಕೆಡಿಸಿದವರು ಮಾವನವರೇ.

"ಸಾಹೇಬ, ನಾನೂ ಉರ್ದು ಸಾಲಿ ಕಲತಾಂವ ಅದೀನಿ," ಎಂದರು ಮೆಲ್ಲಗೆ. "ನನ್ನ ಸಲುವಾಗಿ ಸುಳ್ಳ ಓದಬ್ಯಾಡ. ಹನ್ನೊಂದ ದಿನ ಐತಿ. ಅದರ ಮುಂದ ಮಾಫೀನಾಮಾ ಅಂತನೂ ಐತಿ."

"ಮಾಫೀನಾಮಾ ಅಂದ್ರ ಏನಪಾ?" ಎಂದರು ನನ್ನವರು.

"ತಪ್ಪಾತು, ಇನ್ನ ಮ್ಯಾಲೆ ಹಿಂಗ ಮಾಡಂಗಿಲ್ಲ ಅಂತ ಬರದ ಕೊಡೂದು. ಬರದ ಕೊಟ್ಟವರನ್ನ ಬಿಡತಿದ್ರು."

ನನ್ನವರು ತಂದೆಯ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದರು. ಆಗ ಅತ್ತೆ, ಅಷ್ಟು ಹೊತ್ತು ಜೇಲಿಗೆ ಬೆನ್ನು ಮಾಡಿ ಕೂತವರು, ತಿರುಗಿದರು.

"ಅವರನ್ನೇನ ಕೇಳತಿ? ಬರಸಿದಾಕಿ ನಾನು. ಏಳು ತಿಂಗಳ ಬಸರಿ, ಅಳವಂಡಿಯಿಂದ ಇವರ ಅಕ್ಕನ್ನ ಕರಕೊಂಡು ಬಂದು ಆ ಗೇಟಿನ ಹೊರಗ ಎರಡ ದಿನ ಕುಂತೆ. ನೀವು ಹೊರಗ ಬರಲಿಲ್ಲ ಅಂದ್ರ ನಾ ಇಲ್ಲೇ ಹಡೀತೀನಿ ಅಂತ ಹೇಳಿ ಕಳಿಸಿದೆ. ಆ ಹೊಟ್ಟಿಯಾಗ ಇದ್ದಾಂವ ನೀನ."

ಮಗನ ಮುಖದಲ್ಲಿ ಆಗ ಏನೇನು ಬಂದು ಹೋಯಿತೋ ಹೇಳುವುದು ಕಷ್ಟ. ವರ್ಷ ವರ್ಷವೂ ತಂದೆಯ ತ್ಯಾಗಕ್ಕೆ ಮಕ್ಕಳಿಂದ ಚಪ್ಪಾಳೆ ತಟ್ಟಿಸಿದವರು ಅವರು. ಆ ತ್ಯಾಗ ಹನ್ನೊಂದೇ ದಿನಕ್ಕೆ ಮುಗಿಯಲು ತಾನೇ ಕಾರಣವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಮತ್ತ ಆ ನಾಕ ತಿಂಗಳು?" ಎಂದು ನಾನೇ ಕೇಳಿಬಿಟ್ಟೆ. ಸೊಸೆಯಾದವಳು ಕೇಳಬಾರದಿತ್ತು.

ಮಾವನವರು ನನ್ನ ಮೇಲೆ ಸಿಟ್ಟಾಗಲಿಲ್ಲ. "ನನ್ನ ಜೋಡಿ ಇದ್ದವರು ಇನ್ನೂ ಒಳಗ ಇದ್ರವ್ವ. ಯಾವ ಮಾರಿ ಇಟಗೊಂಡು ಊರಿಗೆ ಹೋಗ್ಲಿ? ಅಳವಂಡ್ಯಾಗ ಅಕ್ಕನ ಮನಿಯಾಗ ಉಳದೆ. ನಿಮ್ಮತ್ತಿ ಹಡ್ಯಾಕ ತವರಮನಿಗೆ ಹೋದಳು. ನಾಕ ತಿಂಗಳ ಮ್ಯಾಲೆ ಕೂಸಿನ ಕರಕೊಂಡು ಊರಿಗೆ ಬಂದ್ರ, ಊರವರು ಜೇಲಿನಿಂದ ಬಂದಾನ ಅಂತ ತಿಳದ್ರು. ಅಕ್ಕ ತುಪ್ಪಾ ಹಾಕಿ ಉಣಸಿದ್ದಳು, ಮೈ ತುಂಬಿಕೊಂಡಿದ್ದೆ. ಜೇಲಿನ್ಯಾಗ ಬಾವು ಬಂದೈತಿ ಅಂತ ಅತ್ತರು ಜನ."

ಮೊದಲು ನಕ್ಕವರು ಅತ್ತೆ. ಆಮೇಲೆ ಜವಾನ. ಮಾವನವರೂ ನಗಲು ನೋಡಿದರು, ಆದರೆ ಕಣ್ಣಲ್ಲಿ ನೀರು ಬಂತು. "ಆಮ್ಯಾಲೆ ನಿಜಾಮನ ರಾಜ್ಯ ಹೋತು. ಹಾರ ಹಾಕಾಕ ಊರಿಗೆ ಒಬ್ಬಾಂವ ಬೇಕಾಗಿದ್ದ. ಇಲ್ಲಪಾ ಅಂತ ಮೊದಲನೇ ವರ್ಷ ಹೇಳಬೇಕಾಗಿತ್ತು. ಎರಡನೇ ವರ್ಷಕ್ಕ ತಡ ಆಗಿತ್ತು."

ಇಷ್ಟರಲ್ಲಿ ಗೇಟಿನ ಬೀಗ ತೆರೆದ ಸದ್ದಾಯಿತು. ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು ಬಂದ ಗುಮಾಸ್ತ ನಮ್ಮನ್ನು ಕಂಡು ಅದನ್ನು ಅಲ್ಲೇ ನುಂಗಿದ. ಅವನಿಗೆ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿತ್ತು. ಅನುಮತಿಯಿಲ್ಲದ ನಾಲ್ಕು ಮಂದಿಯನ್ನು ಮತಪೆಟ್ಟಿಗೆಗಳ ಜೊತೆ ಕೂಡಿಹಾಕಿ ಬೀಗ ಜಡಿದು ಹೋದವನು ಅವನೇ ಆಗಿದ್ದ. ಸ್ವಲ್ಪ ಹೊತ್ತು ಜವಾನನ ಮೇಲೆ ಕೂಗಾಡಿದ. ಆಮೇಲೆ ಒಂದು ಹಾಳೆ ತಂದ.

"ಅಪ್ಪಣಿ ಇಲ್ದ ಒಳಗ ಬಂದದ್ದು ತಪ್ಪಾತು, ಇನ್ನೊಮ್ಮೆ ಹಿಂಗ ಮಾಡಂಗಿಲ್ಲ ಅಂತ ಬರದ ಕೊಡ್ರಿ ಯಜಮಾನ್ರ. ನಾಳೆ ಯಾರರ ಕೇಳಿದ್ರ ನನ್ನ ಕೈಯಾಗ ಕಾಗದ ಇರಬೇಕು. ಬರದ ಕೊಡ್ರಿ, ಹೋಗ್ರಿ."

ನಾವೆಲ್ಲ ಮಾವನವರ ಮುಖ ನೋಡಿದೆವು. ಅವರು ಹಾಳೆ ಮುಟ್ಟಲಿಲ್ಲ. ನಿಧಾನವಾಗಿ ಹೋಗಿ ಬೇವಿನ ಕಟ್ಟೆಯ ಮೇಲೆ ಕೂತು ಬೆತ್ತವನ್ನು ಪಕ್ಕಕ್ಕಿಟ್ಟರು.

"ನಾ ಬರಿಯಂಗಿಲ್ಲ. ಒಮ್ಮೆ ಬರದ ಕೊಟ್ಟೀನಿ, ಸಾಕು. ಬೇಕಾದ್ರ ಒಳಗ ಹಾಕು."

"ಒಳಗ ಎಲ್ಲಿ ಹಾಕ್ಲಿರಿ? ಪೆಟ್ಟಿಗಿ ತುಂಬ್ಯಾವ!" ಎಂದ ಗುಮಾಸ್ತ ಅಳು ದನಿಯಲ್ಲಿ.

ಅತ್ತೆ, "ಏಳ್ರಿ, ಬಸ್ಸಿನ ಹೊತ್ತಾತು," ಎಂದರು. ಮಾವನವರು ಏಳಲಿಲ್ಲ. ಜವಾನ ಅತ್ತ ಗುಮಾಸ್ತನನ್ನು, ಇತ್ತ ಮಾವನವರನ್ನು ನೋಡುತ್ತ ನಿಂತ. ಅವನ ನೌಕರಿಯೂ ಆ ಹಾಳೆಯ ಮೇಲೇ ನಿಂತಿತ್ತು. ಹೀಗೆ ಎಷ್ಟೋ ಹೊತ್ತು ಕಳೆಯಿತು. ನಾನು ಲೋಟ ಇಡಲೆಂದು ಜವಾನನ ಕೋಣೆಯ ಹಿಂದಕ್ಕೆ ಹೋದಾಗ ಅಲ್ಲಿ ನನ್ನವರು ಗೋಡೆಗೆ ಹಾಳೆ ಒತ್ತಿ ಹಿಡಿದು ಬರೆಯುತ್ತಿದ್ದರು. ಜೇಬಿನಲ್ಲಿದ್ದದ್ದು ಪೇಪರು ತಿದ್ದುವ ಪೆನ್ನು. ಕೆಂಪು ಮಸಿಯಲ್ಲಿ ದುಂಡು ಅಕ್ಷರಗಳು: ನಾನು ಮತ್ತು ನನ್ನ ತಂದೆಯವರು… ನನ್ನನ್ನು ಕಂಡು ಅವರ ಕೈ ನಿಂತಿತು.

"ಆ ಜವಾನನ ನೌಕರಿ ಹೋಗ್ತೈತಿ," ಎಂದರು. ಮತ್ತೆ ಬರೆಯತೊಡಗಿ, "ನಂದೂ ಹೋಗ್ತೈತಿ," ಎಂದರು.

ನಾನು ಹಾಳೆ ಅಲುಗಾಡದಂತೆ ಒಂದು ಮೂಲೆ ಹಿಡಿದುಕೊಂಡೆ. ಮದುವೆಯಾದ ಮೇಲೆ ನಾವಿಬ್ಬರೇ ಸೇರಿ ಮಾಡಿದ ಮೊದಲ ಕೆಲಸ ಅದು.

ನನ್ನವರು ಸನ್ನೆ ಮಾಡಿ ಹಿಂದಕ್ಕೆ ಕರೆದು ಕೊಟ್ಟ ಹಾಳೆಯನ್ನು ಗುಮಾಸ್ತ ಮಡಚಿ ಜೇಬಿಗೆ ಹಾಕಿಕೊಂಡ. ಅಂಗಳಕ್ಕೆ ಬಂದು, "ಆತು, ಹೋಗ್ರಿ ಯಜಮಾನ್ರ. ನಿಮ್ಮಂಥವರ ಕಡೆ ಏನ್ ಬರಸಗೊಳ್ಳೂದು," ಎಂದ. ಮಾವನವರು ಎದ್ದರು. ಬಂದಾಗ ಬೆತ್ತ ಊರಿಕೊಂಡು ನಡೆದಿದ್ದವರು ಹೋಗುವಾಗ ಅದನ್ನು ಕಂಕುಳಲ್ಲಿ ಇಟ್ಟುಕೊಂಡರು. ಗೇಟಿನ ಹೊರಗೆ ಬಂದು ಹೆಂಡತಿಗೆ ಹೇಳಿದರು, "ನೋಡಿದೇನು? ಬರಿಯಂಗಿಲ್ಲ ಅಂದ್ರೂ ಬಿಡತಾರ. ಅವತ್ತೂ ಬಿಡತಿದ್ರೇನೋ." ಅತ್ತೆ ಸೆರಗು ಸರಿಮಾಡಿಕೊಂಡು ಮಗನ ಜೇಬಿನ ಮೇಲಾಗಿದ್ದ ಕೆಂಪು ಕಲೆಯನ್ನು ಒಂದು ಗಳಿಗೆ ನೋಡಿ ಮುಂದೆ ನಡೆದರು.

ಮುಂದಿನ ಆಗಸ್ಟಿಗೆ ಮಾವನವರು ಸಾಲಿಯ ಕಟ್ಟೆಯ ಮೇಲೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದರು. ಹನ್ನೊಂದು ದಿನ, ಮಾಫೀನಾಮಾ, ಅಳವಂಡಿ, ತುಪ್ಪ, ಯಾವುದನ್ನೂ ಬಿಡಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ಕೊನೆಗೆ ಹೆಡ್ ಮಾಸ್ತರರು ಎದ್ದು, ಇಂಥ ಹಿರಿಯರ ವಿನಯವನ್ನು ಮಕ್ಕಳು ಕಲಿಯಬೇಕು, ನಾಲ್ಕು ತಿಂಗಳು ಸೆರೆಮನೆ ಕಂಡವರು ಎಷ್ಟು ಸಣ್ಣದಾಗಿ ಹೇಳಿಕೊಂಡರು ನೋಡಿ ಎಂದರು. ಜೋರು ಚಪ್ಪಾಳೆ ಬಿತ್ತು. ಮಾವನವರು ಬಿಡದೆ, ಹೋದ ವರ್ಷ ಕೊಪ್ಪಳದಲ್ಲಿ ಒಂದೂವರೆ ತಾಸು ಜೇಲಿನಲ್ಲಿದ್ದದ್ದನ್ನೂ ಬರೆದುಕೊಡದೆಯೇ ಹೊರಗೆ ಬಂದದ್ದನ್ನೂ ಹೇಳಿದರು. ಅದನ್ನು ಮಾತ್ರ ಯಾರೂ ನಂಬಲಿಲ್ಲ. ವಯಸ್ಸಾಯಿತು ಎಂದುಕೊಂಡರು. ನನ್ನವರು ಮಕ್ಕಳ ಸಾಲಿನ ಹಿಂದೆ ನೆಲ ನೋಡುತ್ತ ನಿಂತಿದ್ದರು.

ಮರುವರ್ಷದಿಂದ ಮಾವನವರು ಕಾಲುನೋವೆಂದು ಹೇಳಿ ಹೋಗುವುದನ್ನು ಬಿಟ್ಟರು. ಸಾಲಿಯವರು ಇನ್ನೊಬ್ಬ ಹಿರಿಯರನ್ನು ಹುಡುಕಿಕೊಂಡರು. ಅವರು ಜೇಲಿನ ಹೊರಗೋಡೆಯನ್ನೂ ಕಂಡವರಲ್ಲ, ಆದರೆ ದನಿ ಛಲೋ ಇತ್ತು.

ಎಂಬತ್ತರ ದಶಕದ ನಡುವೆ ಮಾವನವರು ತೀರಿಕೊಂಡರು. ಅದಕ್ಕೂ ಮೊದಲು, ಆ ಕೆಂಪು ಮಸಿಯ ಮಾತನ್ನು ತಂದೆಗೆ ಹೇಳಬೇಕೆಂದು ನನ್ನವರು ಹತ್ತಿರ ಹೋಗಿ ಕೂತದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಮೊದಲ ಸಲ ಯಾರೋ ಬಂದರು. ಎರಡನೆಯ ಸಲ ಮಾವನವರು ನಮ್ಮ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಗುಮಾಸ್ತ ಹೇಗೆ ಅಳು ದನಿ ಮಾಡಿದ ಎಂದು ನಟಿಸಿ ತೋರಿಸುತ್ತಿದ್ದರು. ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ನನ್ನವರು ಸ್ವಲ್ಪ ಹೊತ್ತು ಕೂತು ಕೇಳಿದರು. ಆಮೇಲೆ ಒಳಗೆ ಬಂದು, ಚಹಾ ಮಾಡು ಎಂದರು.